ಮುಳ್ಳು ಹೇಳುವ ಸುಳ್ಳು

ಗೋಡೆಯ ಗಡಿಯಾರದ ಮುಳ್ಳು ತಪ್ಪಿದರೆ ಮನುಷ್ಯನಿಗೆ ಬಸ್ಸು ತಪ್ಪುತ್ತದೆ. ಮೋಟಾರಿನ ಫಲಕದ ಮುಳ್ಳು ತಪ್ಪಿದರೆ ಎಂಜಿನ್ನೇ ಕೈತಪ್ಪಿ ಹೋಗುತ್ತದೆ. ಚಾಲಕನ ಕಣ್ಣೆದುರಿನ ಎರಡು ಪುಟ್ಟ ಮೀಟರುಗಳಲ್ಲಿ ಒಂದು ಟ್ಯಾಂಕಿನ ಪೆಟ್ರೋಲನ್ನು ಹೇಳುತ್ತದೆ, ಮತ್ತೊಂದು ಎಂಜಿನ್ನಿನ ಕಾವನ್ನು. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಇವೆರಡೂ ಬಹುಮಟ್ಟಿಗೆ ಸತ್ಯವನ್ನೇ ನುಡಿಯುತ್ತವೆ. ಮನೆಯಂಗಳದಲ್ಲಿ ಕಟ್ಟಿದ ಕಾರಿನಲ್ಲಾದರೋ, ಮೊದಲ ದಿನದಿಂದಲೇ ಸುಳ್ಳಾಡತೊಡಗುವುದುಂಟು. ಆಗ ಎಲ್ಲರೂ ಬೈಯುವುದು ಮೀಟರನ್ನೇ. ಅಪರಾಧಿ ಬೇರೆಲ್ಲೋ ಅಡಗಿರುವ ಸಂಭವವೇ ಹೆಚ್ಚು ಎಂಬುದನ್ನು ವಾಚಕರಿಗೆ ಅರಿಕೆ ಮಾಡುವುದು ಈ ವಾರದ ಉದ್ದೇಶ.

ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿ ನನಗೆ ಪರಿಚಿತರಾದ ರೈತರೊಬ್ಬರಿದ್ದಾರೆ. ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳ ಸಹವಾಸದಲ್ಲೇ ತಲೆ ನರೆತವರು. ಹಳೆಯ ಜೀಪಿನ ಚಾಸಿಯ ಮೇಲೆ ಫೈಬರಿನ ಮೈಯನ್ನು ಕೂರಿಸಿ, ಭತ್ತದ ಗದ್ದೆಗಳ ನಡುವಣ ಸ್ವಂತ ದಾರಿಯಲ್ಲಿ ಓಡಾಡಲೆಂದು ಪುಟ್ಟ ಕಾರೊಂದನ್ನು ಕಟ್ಟಿಕೊಂಡರು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದ ವಾಹನ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲವಾದ್ದರಿಂದ ಅದು ಅವರ ಹೊಲದ ಎಲ್ಲೆಯನ್ನು ದಾಟುವುದಿಲ್ಲ. ಒಂದು ದಿನ ಅವರು ನಗುತ್ತ ಹೇಳಿದರು: "ಮೇಷ್ಟ್ರೆ, ನಮ್ಮ ಗಾಡ್ಯಾಗ ಒಂದು ಪವಾಡ ನಡೀತೈತಿ. ಸಂಜಿಗೆ ದೀಪ ಹಾಕಿದ್ರ ಸಾಕು, ಟ್ಯಾಂಕಿನ್ಯಾಗ ಪೆಟ್ರೋಲು ಹೆಚ್ಚಾಗ್ತೈತಿ!"

ಪೆಟ್ರೋಲಿನ ಮುಳ್ಳಿನ ಜೊತೆಗೆ ಕಾವಿನ ಮುಳ್ಳೂ ಏರುತ್ತಿತ್ತು. ಅವರು ಎರಡು ಬಾರಿ ಮೀಟರು ಬದಲಿಸಿದರು; ಪವಾಡ ನಿಲ್ಲಲಿಲ್ಲ. ಕೊನೆಗೆ, ದೀಪ ಹಾಕಿದಾಗ ಮುಳ್ಳು ಏರುವುದು ಸಹಜವೆಂದು ಭಾವಿಸಿ ಅದನ್ನು ನೋಡುವುದನ್ನೇ ಬಿಟ್ಟರು. ಮುಂದೊಂದು ಸಂಜೆ ರೇಡಿಯೇಟರಿನ ರಬ್ಬರು ಕೊಳವೆ ಸೀಳಿ ನೀರು ಸೋರತೊಡಗಿತು. ಆ ದಿನ ಮುಳ್ಳು ನಿಜವನ್ನೇ ಹೇಳಿತು, ಆದರೆ ನಂಬುವವರಿರಲಿಲ್ಲ. ಎಂಜಿನ್ನಿನ ಹೆಡ್ಡು ಕಾವಿಗೆ ಬಾಗಿಹೋಯಿತು. ಸುಗ್ಗಿಯ ಲಾಭದಲ್ಲಿ ದೊಡ್ಡದೊಂದು ಭಾಗ ಗ್ಯಾರೇಜಿನ ಪಾಲಾಯಿತು. ದಿನವೂ ಸುಳ್ಳಾಡುವ ಮುಳ್ಳಿನ ನಿಜವಾದ ಅಪಾಯವೆಂದರೆ ಇದೇ.

ಈ ಪವಾಡದ ಮರ್ಮವೇನು? ಹಳೆಯ ಕಾರುಗಳಿಂದ ಕಳಚಿ ತರುವ ಬಹಳಷ್ಟು ಮೀಟರುಗಳ ಒಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿರುತ್ತದೆ. ವಿದ್ಯುತ್ತು ಹರಿದಂತೆ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಮುಳ್ಳು ಚಲಿಸುತ್ತದೆ. ಎಷ್ಟು ವಿದ್ಯುತ್ತು ಹರಿಯಬೇಕೆಂಬುದನ್ನು ಟ್ಯಾಂಕಿನ ಫ್ಲೋಟು ಅಥವಾ ಎಂಜಿನ್ನಿನ ಸೆನ್ಸರು ತನ್ನ ರೋಧದಿಂದ ನಿರ್ಧರಿಸುತ್ತದೆ. ಬ್ಯಾಟರಿಯ ಒತ್ತಡದ ಏರಿಳಿತ ಮುಳ್ಳಿಗೆ ತಟ್ಟದಿರಲೆಂದು ನಡುವೆ ಒಂದು ಪುಟ್ಟ ಸ್ಟೆಬಿಲೈಸರನ್ನಿಟ್ಟು ಸುಮಾರು 10 ವೋಲ್ಟನ್ನು ಮಾತ್ರ ಮೀಟರಿಗೆ ಕೊಡುತ್ತಾರೆ. ಹೀಗೆ ಹರಿದ ವಿದ್ಯುತ್ತು ಕಬ್ಬಿಣದ ಮೈಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಈ ಮರಳುವ ದಾರಿಯನ್ನು ಮೆಕ್ಯಾನಿಕ್ಕುಗಳು ‘ಅರ್ಥು’ ಎನ್ನುತ್ತಾರೆ. ಕನ್ನಡ ಪಾಠ ಹೇಳುವ ನನ್ನ ಕಿವಿಗೆ ಅದು ‘ಅರ್ಥ’ ಎಂದೇ ಕೇಳಿಸುತ್ತದೆ. ಅದೂ ಸರಿಯೆ: ಅರ್ಥು ಕೆಟ್ಟಲ್ಲಿ ಮುಳ್ಳಿನ ಮಾತಿಗೆ ಅರ್ಥವಿರುವುದಿಲ್ಲ.

ಫೈಬರಿನಲ್ಲಿ ವಿದ್ಯುತ್ತು ಹರಿಯದು. ಬೆಂಗಳೂರಿನ ಸಿಪಾನಿ ಸಂಸ್ಥೆಯು 1982ರಲ್ಲಿ ತಂದ ಡಾಲ್ಫಿನ್ ಕಾರಿನ ಮೈ ಫೈಬರಿನದಾಗಿತ್ತು. ಇಂಥ ಕಾರಿನಲ್ಲಿ ಪ್ರತಿಯೊಂದು ದೀಪಕ್ಕೂ ಪ್ರತಿಯೊಂದು ಮೀಟರಿಗೂ ಮರಳುವ ತಂತಿಯನ್ನು ಬೇರೆಯಾಗಿಯೇ ಎಳೆಯಬೇಕಾಗುತ್ತದೆ. ದೇಶನೂರಿನ ಕಾರಿನಲ್ಲಿ ಮುಂದೀಪಗಳಿಗೂ ಫಲಕಕ್ಕೂ ಇದ್ದದ್ದು ಒಂದೇ ತಂತಿ. ಅದರ ತುದಿಯ ಬೋಲ್ಟನ್ನು ಬಣ್ಣ ಬಳಿದ ಚಾಸಿಗೆ ಬಿಗಿಯಲಾಗಿತ್ತು, ಮೇಲೆ ಗದ್ದೆಯ ಕೆಸರಿನ ತುಕ್ಕು. 55 ವ್ಯಾಟಿನ ಎರಡು ದೀಪಗಳು ಸುಮಾರು 9 ಆಂಪಿಯರು ಎಳೆಯುತ್ತವೆ. ಆ ಬೋಲ್ಟಿನಲ್ಲಿ ಕೇವಲ 0.2 ಓಮ್ ರೋಧವಿದ್ದರೂ ಸುಮಾರು 1.8 ವೋಲ್ಟು ಅಲ್ಲಿಯೇ ಉಳಿಯುತ್ತದೆ. ಜರ್ಮನಿಯ ಉಪಾಧ್ಯಾಯ ಓಮ್ ಮಹಾಶಯನು 1827ರಲ್ಲಿ ಪ್ರಕಟಿಸಿದ ನಿಯಮದ ಸರಳ ಲೆಕ್ಕವಿದು. ಫಲಕದ ನೆಲೆಯೇ ಅಷ್ಟು ಮೇಲೇರಿದರೆ ಸ್ಟೆಬಿಲೈಸರಿನ 10 ವೋಲ್ಟು, ಟ್ಯಾಂಕು ಮತ್ತು ಎಂಜಿನ್ನಿನ ಪಾಲಿಗೆ ಸುಮಾರು 12 ಆಗುತ್ತದೆ. ಎರಡೂ ಮುಳ್ಳುಗಳು ಏರುತ್ತವೆ.

ಆದ್ದರಿಂದ ಪರೀಕ್ಷೆಗೆ ಒಂದು ಕ್ರಮವಿರಲಿ. ಎರಡು ಮುಳ್ಳುಗಳೂ ಒಟ್ಟಿಗೆ ತಪ್ಪಿದರೆ ದೋಷ ಎರಡಕ್ಕೂ ಸಮಾನವಾದ ಕಡೆ, ಎಂದರೆ ಅರ್ಥಿನಲ್ಲಿ ಅಥವಾ ಸ್ಟೆಬಿಲೈಸರಿನಲ್ಲಿ ಇರುತ್ತದೆ. ಬ್ಯಾಟರಿಯ ಋಣ ತುದಿಯಿಂದ ಉದ್ದನೆಯ ತಂತಿಯೊಂದನ್ನು ತಂದು ಸ್ಟೆಬಿಲೈಸರಿನ ಲೋಹದ ಮೈಗೆ ತಾಗಿಸಿರಿ. ಮುಳ್ಳುಗಳು ಮೆಲ್ಲನೆ ತಮ್ಮ ಸ್ಥಾನಕ್ಕೆ ಇಳಿದರೆ ಕಳ್ಳ ಸಿಕ್ಕಂತೆಯೇ. ಬೋಲ್ಟಿನ ಕೆಳಗಿನ ಬಣ್ಣವನ್ನು ಕೆರೆದು, ಲೋಹಕ್ಕೆ ಲೋಹ ತಾಗುವಂತೆ ಬಿಗಿದು, ಮೇಲೆ ಗ್ರೀಸು ಸವರಿದರೆ ಮುಗಿಯಿತು. ದೀಪಕ್ಕೂ ಫಲಕಕ್ಕೂ ಬೇರೆ ಬೇರೆ ತಂತಿಗಳಿದ್ದರೆ ಇನ್ನೂ ಉತ್ತಮ.

ಒಂದೇ ಮುಳ್ಳು ತಪ್ಪಿದರೆ ಅದರ ಸೆನ್ಸರು ಅಥವಾ ತಂತಿಯನ್ನು ಶಂಕಿಸಬೇಕು. ಸೆನ್ಸರಿನ ತಂತಿಯನ್ನು ಕಳಚಿದರೆ ಮುಳ್ಳು ಒಂದು ತುದಿಗೆ ಹೋಗಬೇಕು. ಅದೇ ತಂತಿಯನ್ನು ಕ್ಷಣಕಾಲ ಚಾಸಿಗೆ ತಾಗಿಸಿದರೆ ಮತ್ತೊಂದು ತುದಿಯತ್ತ ಹೊರಡಬೇಕು. ಹಾಗಾದರೆ ಮೀಟರೂ ತಂತಿಯೂ ನಿರ್ದೋಷಿಗಳು. ಪೆಟ್ರೋಲು ಟ್ಯಾಂಕಿನ ಬಳಿ ಮಾತ್ರ ಈ ಸಾಹಸ ಬೇಡ. ಒಂದು ಕಿಡಿ ಸಾಕು, ಕಾರಿನೊಂದಿಗೆ ಕೊಟ್ಟಿಗೆಯೂ ಬೂದಿಯಾದೀತು. ಅಲ್ಲಿನ ತಂತಿಯನ್ನು ಫಲಕದ ತುದಿಯಲ್ಲಿ ಪರೀಕ್ಷಿಸಿರಿ.

ಮನೆಯ ಕಾರಿಗೆ ಇನ್ನೊಂದು ವಿಶೇಷ ರೋಗವಿದೆ. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಕಂಡಂತೆ ಬೆಸೆದರೆ ಅರಿಸಮಾಸವಾಗುತ್ತದೆಂದು ನಮ್ಮ ವೈಯಾಕರಣರು ಎಚ್ಚರಿಸಿದ್ದಾರೆ. ಒಂದು ಕಾರಿನ ಮೀಟರಿಗೆ ಇನ್ನೊಂದರ ಫ್ಲೋಟನ್ನು ಬೆಸೆಯುವುದೂ ಹಾಗೆಯೇ. ಕೆಲವು ಫ್ಲೋಟುಗಳ ರೋಧ ಟ್ಯಾಂಕು ತುಂಬಿದಂತೆ ಕಡಿಮೆಯಾಗುತ್ತದೆ, ಕೆಲವುಗಳದು ಹೆಚ್ಚಾಗುತ್ತದೆ. ಎರಡರ ಜಾತಿ ಹೊಂದದಿದ್ದರೆ ಖಾಲಿ ಟ್ಯಾಂಕು ತುಂಬಿದೆಯೆಂದೂ ತುಂಬಿದ್ದು ಖಾಲಿಯೆಂದೂ ತೋರುತ್ತದೆ. ಮೀಟರನ್ನೂ ಫ್ಲೋಟನ್ನೂ ಒಂದೇ ಕಾರಿನಿಂದ ತರುವುದೇ ಇದಕ್ಕೆ ಮದ್ದು.

ಕಾವಿನ ಮುಳ್ಳು ಸುಳ್ಳಾಗಿ ಏರುವುದಕ್ಕಿಂತ ಸುಳ್ಳಾಗಿ ಇಳಿಯುವುದು ಹೆಚ್ಚು ಕೆಟ್ಟದ್ದು. ಹಲವು ಸೆನ್ಸರುಗಳು ತಮ್ಮ ಮರೆಯ ಸುತ್ತಿನ ಮೂಲಕವೇ ಅರ್ಥು ಪಡೆಯುತ್ತವೆ. ನೀರು ಸೋರದಿರಲೆಂದು ಅಲ್ಲಿ ದಪ್ಪನಾಗಿ ಟೆಫ್ಲಾನ್ ಪಟ್ಟಿ ಸುತ್ತಿದರೆ ಸಂಪರ್ಕ ಕೆಟ್ಟು, ಕಾದ ಎಂಜಿನ್ನು ತಂಪಾಗಿದೆಯೆಂದು ತೋರೀತು. ನೀರೆಲ್ಲ ಸೋರಿಹೋದರೂ ಬರಿಯ ಗಾಳಿಯಲ್ಲಿ ನಿಂತ ಸೆನ್ಸರು ಕಡಿಮೆ ಕಾವನ್ನೇ ಹೇಳೀತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬಳ್ಳಾರಿ ಸೀಮೆಯಲ್ಲಿ, ಹೊರಡುವ ಮುನ್ನ, ಎಂಜಿನ್ನು ತಣ್ಣಗಿರುವಾಗ, ರೇಡಿಯೇಟರಿನ ಮುಚ್ಚಳ ತೆಗೆದು ನೀರನ್ನು ಕಣ್ಣಾರೆ ನೋಡುವ ಅಭ್ಯಾಸಕ್ಕೆ ಸಮನಾದ ಮೀಟರಿಲ್ಲ.

ಹೊಸ ಮೀಟರಿಗೆ ಹಣ ಸುರಿಯುವ ಮೊದಲು ಒಂದು ಮೊಳ ತಂತಿಗೆ, ಒಂದು ಚೂರು ಉಪ್ಪುಕಾಗದಕ್ಕೆ ಅವಕಾಶ ಕೊಡಿರಿ. ಸುಳ್ಳಿಗೆ ಒಗ್ಗಿಕೊಂಡು ಮುಳ್ಳಿನಿಂದ ಮುಖ ತಿರುಗಿಸುವುದು ಮಾತ್ರ ಯಾವ ಕಾರಿಗೂ ಕ್ಷೇಮವಲ್ಲ.