ಪುಟ್ಟ ಉಗಿಬಂಡಿ ಹಿಂದಕ್ಕೂ ಓಡಬೇಕು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಉಗಿಯಂತ್ರದ ಮಾತೇಕೆಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನಮಗೆ ಚಕ್ರ, ಕೀಲು, ಅಚ್ಚುಗಳ ಗೊಡವೆ ಏಕೆ? ಈ ಪ್ರಶ್ನೆಯೇ ನಮ್ಮ ಶಿಕ್ಷಣದ ಒಂದು ಕೊರತೆಯನ್ನು ತೋರಿಸುತ್ತದೆಂಬುದು ನನ್ನ ಅಭಿಪ್ರಾಯ. ಕೈಯಿಂದ ಕಲಿತ ವಿದ್ಯೆಯೂ ವಿದ್ಯೆಯೇ. ಪುಟ್ಟ ಉಗಿಬಂಡಿಯನ್ನು ಹಿಂದಕ್ಕೆ ಓಡಿಸುವ ಸಲಕರಣೆ ಇದಕ್ಕೆ ಒಳ್ಳೆಯ ಸಾಕ್ಷಿ.

ಕಲ್ಲಿದ್ದಲು ಉರಿಸಿ, ನೀರು ಕಾಯಿಸಿ, ನಿಜವಾದ ಉಗಿಯಿಂದಲೇ ಓಡುವ ಪುಟ್ಟ ಎಂಜಿನ್ನುಗಳನ್ನು ಮನೆಯಲ್ಲಿ ಕಟ್ಟುವ ಹವ್ಯಾಸ ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಇದೆ. ಪರ್ಸಿವಲ್ ಮಾರ್ಷಲ್ 1898ರಲ್ಲಿ ‘ಮಾಡೆಲ್ ಎಂಜಿನಿಯರ್’ ಪತ್ರಿಕೆಯನ್ನು ಇಂಥವರಿಗಾಗಿಯೇ ಆರಂಭಿಸಿದರು. ‘ಎಲ್.ಬಿ.ಎಸ್.ಸಿ.’ ಎಂಬ ಅಂಕಿತದ ಲೇಖಕರೊಬ್ಬರು ಅದರಲ್ಲಿ ದಶಕಗಳ ಕಾಲ ಈ ಕೆಲಸವನ್ನು ಸಾಮಾನ್ಯರಿಗೂ ತಿಳಿಯುವಂತೆ ವಿವರಿಸಿದರು. ಅಲ್ಲಿನ ದೊಡ್ಡ ಹಳಿಯ ಅಗಲ 4 ಅಡಿ 8½ ಅಂಗುಲ. ಹವ್ಯಾಸಿಗಳಿಗೆ ಮೆಚ್ಚಾದ ಪುಟ್ಟ ಹಳಿಯದು 3½ ಅಂಗುಲ. ಅಂದರೆ ಹೆಚ್ಚುಕಡಿಮೆ ಹದಿನಾರರಲ್ಲಿ ಒಂದು ಪಾಲು.

ಸಲಕರಣೆಯ ತತ್ತ್ವ ಕಠಿಣವಲ್ಲ. ಸಿಲಿಂಡರಿನ ಯಾವ ತುದಿಗೆ ಉಗಿ ಹೊಗಬೇಕೆಂಬುದನ್ನು ಒಂದು ಕವಾಟ ನಿರ್ಧರಿಸುತ್ತದೆ. ಆ ಕವಾಟವನ್ನು ಆಡಿಸುವುದು ಚಕ್ರದ ಅಚ್ಚಿಗೆ ನಡು ತಪ್ಪಿಸಿ ಕೂರಿಸಿದ ಒಂದು ಬಿಲ್ಲೆ. ಅದಕ್ಕೆ ಎಕ್ಸೆಂಟ್ರಿಕ್ ಎಂದು ಹೆಸರು. ಬಂಡಿ ಹಿಂದಕ್ಕೆ ಓಡಬೇಕಾದರೆ ಬಿಲ್ಲೆಯ ಸ್ಥಾನ ಬದಲಾಗಬೇಕು. ಬಿಲ್ಲೆಯನ್ನು ಅಚ್ಚಿನ ಮೇಲೆ ಸಡಿಲವಾಗಿ ಬಿಟ್ಟು, ಬೇಕಾದ ದಿಕ್ಕಿಗೆ ಬಂಡಿಯನ್ನು ಕೈಯಿಂದ ನೂಕಿ, ಅದು ತಡೆಗೂಟಕ್ಕೆ ತಾಗಿ ಹೊಸ ಸ್ಥಾನಕ್ಕೆ ಬರುವಂತೆ ಮಾಡುವುದು ಸುಲಭದ ದಾರಿ. ಇನ್ನೊಂದು ದಾರಿಯಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು ಎಂದು ಎರಡು ಬಿಲ್ಲೆಗಳಿರುತ್ತವೆ. ಅವುಗಳ ಸಲಾಕೆಗಳನ್ನು ಸೀಳುಳ್ಳ ಒಂದು ಬಾಗಿದ ಪಟ್ಟಿಗೆ ಜೋಡಿಸುತ್ತಾರೆ. ಸನ್ನೆಯಿಂದ ಪಟ್ಟಿಯನ್ನು ಏರಿಸಿದರೆ ಒಂದು ಬಿಲ್ಲೆಯ ಆಳ್ವಿಕೆ, ಇಳಿಸಿದರೆ ಇನ್ನೊಂದರದು. ನಡುವಿನ ಸ್ಥಾನಗಳಲ್ಲಿ ಉಗಿ ಬೇಗ ಕಡಿದು, ಒಳಹೊಕ್ಕಷ್ಟೇ ಹಿಗ್ಗಿ ದುಡಿಯುತ್ತದೆ. ಇದ್ದಲು, ನೀರು ಉಳಿಯುತ್ತವೆ.

ಮೊದಲನೆಯದೇ ಸಾಕೆನ್ನುವವರುಂಟು. ನಾನು ಒಪ್ಪಲಾರೆ. ಅಲ್ಲಿ ಬಂಡಿ ನೂಕಿದತ್ತ ಹೋಗುತ್ತದೆ. ಇಲ್ಲಿ ಚಾಲಕ ಹೇಳಿದತ್ತ ಹೋಗುತ್ತದೆ. ಶ್ರಮವೇನೋ ಹೆಚ್ಚು. ದೊಡ್ಡ ಎಂಜಿನ್ನಿನ ಕೀಲಿನಲ್ಲಿ ಅಂಗುಲದ ಅರುವತ್ತನಾಲ್ಕನೆಯ ಒಂದು ಪಾಲು ಸಡಿಲವಿದ್ದರೆ ಯಾರೂ ಲೆಕ್ಕಿಸರು. ಪುಟ್ಟದರಲ್ಲಿ ಅಷ್ಟೇ ಸಡಿಲ ಹದಿನಾರು ಪಟ್ಟಾಗಿ, ದೊಡ್ಡದರ ಕಾಲು ಅಂಗುಲಕ್ಕೆ ಸಮವಾಗುತ್ತದೆ. ಎಂಜಿನ್ನನ್ನು ಕುಗ್ಗಿಸಬಹುದು, ತಪ್ಪನ್ನು ಕುಗ್ಗಿಸಲಾಗದು. ಆದಕಾರಣ ಜಾಣರು ಮೊದಲು ರಟ್ಟಿನಲ್ಲಿ ಮಾದರಿ ಮಾಡಿ, ಆಡಿಸಿ ನೋಡಿ, ಆಮೇಲೆ ಲೋಹಕ್ಕೆ ಅರ ಹಚ್ಚುತ್ತಾರೆ.

ಈ ಬಾಗಿದ ಪಟ್ಟಿಯ ಚರಿತ್ರೆಯೂ ಮನನೀಯವಾದುದು. ಅದನ್ನು ‘ಸ್ಟೀಫನ್ಸನ್ ಲಿಂಕ್’ ಎನ್ನುತ್ತಾರೆ. ಆದರೆ 1842ರಲ್ಲಿ ನ್ಯೂಕ್ಯಾಸಲ್ ಪಟ್ಟಣದ ರಾಬರ್ಟ್ ಸ್ಟೀಫನ್ಸನ್ ಕಾರ್ಖಾನೆಯಲ್ಲಿ ಅದನ್ನು ರೂಪಿಸಿದವರು ವಿಲಿಯಂ ವಿಲಿಯಮ್ಸ್ ಮತ್ತು ವಿಲಿಯಂ ಹೋವ್ ಎಂಬ ಇಬ್ಬರು ನೌಕರರು. ಹೋವ್ ಅಚ್ಚಿನ ಮಾದರಿಗಳನ್ನು ಕೆತ್ತುವವನು. ಹೆಸರು ಮಾತ್ರ ಒಡೆಯರದು ಉಳಿಯಿತು. ಮುಂದೆ ಜಗತ್ತಿನಾದ್ಯಂತ ಹಬ್ಬಿದ ಇನ್ನೊಂದು ಸಲಕರಣೆಯನ್ನು ಕಂಡುಹಿಡಿದವನು ಬೆಲ್ಜಿಯಂ ಸರ್ಕಾರಿ ರೈಲ್ವೆಯ ಫೋರ್‌ಮನ್ ಎಜೀದ್ ವಾಲ್‌ಶಾರ್ಟ್ಸ್. 1844ರಲ್ಲಿ ಅಲ್ಲಿ ಅದರ ಪೇಟೆಂಟ್ ಪಡೆದದ್ದು ಫಿಶರ್ ಎಂಬ ಎಂಜಿನಿಯರರ ಹೆಸರಿನಲ್ಲಿ. ಕಾಲಾಂತರದಲ್ಲಿ ಸಲಕರಣೆಗೆ ಫೋರ್‌ಮನ್ನನ ಹೆಸರೇ ನಿಂತಿತು. ನಮ್ಮ ದೇಶದ ಹಳಿಗಳ ಮೇಲೆ ಓಡಿದ ಡಬ್ಲ್ಯು.ಪಿ., ವೈ.ಪಿ. ವರ್ಗದ ಎಂಜಿನ್ನುಗಳಿಗೂ ಅದನ್ನೇ ಜೋಡಿಸಲಾಗಿತ್ತು.

ನಾವು ಇತಿಹಾಸದ ಪರೀಕ್ಷೆಗೆ ಸ್ಟೀಫನ್ಸನ್ನರ ಹೆಸರನ್ನು ಉರು ಹೊಡೆಯುತ್ತೇವೆ. ಹೋವ್‌ನ ಹೆಸರನ್ನು ಯಾರು ಕೇಳಿದ್ದಾರೆ? ಮನೆತನದಲ್ಲೇ ಮೊದಲಿಗನಾಗಿ ಬಿ.ಎ. ತರಗತಿಗೆ ಬಂದ ನನ್ನಂಥವನಿಗೆ ಇದು ಬರಿಯ ಮಾಹಿತಿಯ ಮಾತಲ್ಲ. ನಮ್ಮ ಹಿರಿಯರು ಕೈಯಿಂದ ದುಡಿದರು. ನಾವು ಓದಿದ್ದು ಆ ಕೆಲಸದಿಂದ ಪಾರಾಗಲೆಂದೇ ಎಂದು ಊರವರು ತಿಳಿಯುತ್ತಾರೆ, ಕ್ರಮೇಣ ನಾವೂ ಹಾಗೆಯೇ ತಿಳಿಯುತ್ತೇವೆ. ಪದವಿ ನಮ್ಮನ್ನು ಮುಂದಕ್ಕೆ ಒಯ್ಯಲಿ. ಬಂದ ದಾರಿಗೆ ಗೌರವದಿಂದ ಹಿಂತಿರುಗುವ ಶಕ್ತಿಯನ್ನೂ ಕೊಡಲಿ.

ಆದುದರಿಂದ ನನ್ನದೊಂದು ಸಲಹೆ. ಬರುವ ವರ್ಷ ನಮ್ಮ ಇತಿಹಾಸ ಸಂಘದವರು ರಟ್ಟು, ಮರದ ಪಟ್ಟಿ, ಮೊಳೆಗಳಿಂದ ಈ ಲಿಂಕಿನ ಮಾದರಿಯೊಂದನ್ನು ತಯಾರಿಸಿ ಕಾಲೇಜಿನ ಪ್ರದರ್ಶನದಲ್ಲಿಡಲಿ. ಖರ್ಚು ಅತ್ಯಲ್ಪ. ಅನಂತರ ಮೈಸೂರಿನಲ್ಲಿ 1979ರಲ್ಲಿ ಸ್ಥಾಪಿತವಾದ ರೈಲು ವಸ್ತುಸಂಗ್ರಹಾಲಯಕ್ಕೊಂದು ಪ್ರವಾಸ ಹೋಗಿ, ಅಲ್ಲಿನ ಹಳೆಯ ಉಗಿ ಎಂಜಿನ್ನುಗಳ ಚಕ್ರ, ಸಲಾಕೆಗಳನ್ನು ತಿಳಿದ ಕಣ್ಣಿನಿಂದ ನೋಡೋಣ. ಮಾದರಿಯ ಕೆಳಗಿನ ಚೀಟಿಯಲ್ಲಿ ವಿಲಿಯಮ್ಸ್, ಹೋವ್ ಎಂಬ ಎರಡು ಹೆಸರುಗಳನ್ನು ಮೊದಲು ಬರೆಯೋಣ. ಅಧ್ಯಾಪಕ ವರ್ಗದವರು ಇದಕ್ಕೆ ಒಪ್ಪಿಗೆಯಿತ್ತು ಪ್ರೋತ್ಸಾಹಿಸುವರೆಂದು ನಂಬಿದ್ದೇನೆ.