ಬಚ್ಚಿಟ್ಟರೆ ಬೀಗ ಹಾಕಿದಂತಾಯಿತೇ?

ಕೊಡಗಿನ ಕಡೆಯಿಂದ ಬಂದು ನಮ್ಮಲ್ಲಿ ಒಂಬತ್ತನೆಯ ತರಗತಿಗೆ ಸೇರಿದ್ದ ಹುಡುಗಿಯೊಬ್ಬಳು ವಿಜ್ಞಾನದ ಪಿರಿಯಡ್ ಮುಗಿದ ಮೇಲೆ ಮೇಜಿನ ಹತ್ತಿರ ಬಂದು ನಿಂತಳು. "ಸಾರ್, ಊರಿನ ಮನೆಯಲ್ಲಿ ಕೋವಿ ಇದೆ. ಅದಕ್ಕೆ ಬೀಗದ ಕಪಾಟು ಮಾಡಿಸಿ ಅಂತ ಅಮ್ಮ ಹೇಳ್ತಾರೆ. ಅಟ್ಟದ ಮೇಲೆ ಬಚ್ಚಿಟ್ಟಿದ್ದೇನಲ್ಲ, ಜಾಗ ಯಾರಿಗೂ ಗೊತ್ತಿಲ್ಲ, ಕಪಾಟು ಯಾಕೆ ಅಂತ ಅಪ್ಪ ಕೇಳ್ತಾರೆ. ಯಾರು ಹೇಳೋದು ಸರಿ?"

"ಜಾಗ ನಿನಗೆ ಗೊತ್ತೇನಮ್ಮ?" ಎಂದೆ.

"ಗೊತ್ತು ಸಾರ್. ತಮ್ಮನಿಗೂ ಗೊತ್ತು."

ಬಯಲುಸೀಮೆಯ ವಾಚಕರಿಗೆ ಇದು ವಿಚಿತ್ರವಾದ ಮನೆಜಗಳ ಎನಿಸಬಹುದು. ಕೊಡಗಿನಲ್ಲಿ ಮಾತ್ರ ಕೋವಿ ಎಂದರೆ ಮನೆಯ ಸಾಮಾನುಗಳಲ್ಲೊಂದು. 1959ರ ಶಸ್ತ್ರಾಸ್ತ್ರ ಕಾಯಿದೆಯ 41ನೆಯ ಕಲಮಿನಡಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ರಾಜ್ಯದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರಿನಲ್ಲಿ ಬರುವ ಕೈಲ್ ಮುಹೂರ್ತದ ದಿನ ಕೋವಿಯನ್ನು ದೇವರ ಕೋಣೆಯಲ್ಲಿಟ್ಟು, ನಾವು ಗೌರಿ ಹೂ ಎನ್ನುವ, ಅವರು ತೋಕ್ ಪೂ ಎನ್ನುವ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೋವಿಯೇ. ಸಾವಿನ ಸುದ್ದಿಯನ್ನು ನೆರೆಹೊರೆಗೆ ತಿಳಿಸುವುದೂ ಕೋವಿಯ ಎರಡು ಸದ್ದೇ. ಇಂಥ ವಸ್ತುವನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿಯಿರಿ ಎಂದರೆ ಹಿರಿಯರಿಗೆ ಬೇಸರವಾಗುವುದು ಸಹಜ. ಆದರೆ ವಿನಾಯಿತಿ ಇರುವುದು ಲೈಸೆನ್ಸಿನಿಂದ ಮಾತ್ರ. ಮಕ್ಕಳ ಕುತೂಹಲದಿಂದ ಯಾವ ಸರ್ಕಾರವೂ ವಿನಾಯಿತಿ ಕೊಡಲಾರದು.

ಮೊದಲು ಒಂದು ಗೊಂದಲ ಬಿಡಿಸೋಣ. ಕೋವಿಯನ್ನು ಬೀಳದಂತೆ ಹಿಡಿದಿಡುವುದು ಒಂದು ಕೆಲಸ, ಬೇರೆಯವರ ಕೈಗೆ ಸಿಗದಂತೆ ತಡೆಯುವುದು ಇನ್ನೊಂದು ಕೆಲಸ. ಹಳೆಯ ಮನೆಗಳಲ್ಲಿ ಗೋಡೆಗೆ ಎರಡು ಮರದ ಗೂಟ ಹೊಡೆದು ಕೋವಿಯನ್ನು ಅಡ್ಡಲಾಗಿ ಇಡುತ್ತಿದ್ದರು. ಹಿಡಿದಿಡುವ ಮಟ್ಟಿಗೆ ಅದು ಒಳ್ಳೆಯ ಏರ್ಪಾಡೇ. ಕೋವಿಯ ಗುರುತ್ವ ಕೇಂದ್ರ ಎರಡು ಗೂಟಗಳ ನಡುವೆ ಬರುವವರೆಗೆ ಅದು ಮಗುಚುವುದಿಲ್ಲ. ಆದರೆ ಅದನ್ನು ತೆಗೆದುಕೊಳ್ಳಲು ಬೇಕಾದದ್ದು ಒಂದು ಸ್ಟೂಲು ಮಾತ್ರ. ಇನ್ನು ಬಾಗಿಲ ಮೂಲೆಗೆ ಒರಗಿಸಿ ನಿಲ್ಲಿಸುವ ಅಭ್ಯಾಸವಂತೂ ಎರಡು ಕೆಲಸವನ್ನೂ ಮಾಡದು. ನುಣುಪಾದ ನೆಲ, ಕಿರಿದಾದ ಬುಡ, ಕಡಿಮೆ ಘರ್ಷಣೆ. ಬೆಕ್ಕು ತಾಗಿದರೂ ಜಾರುತ್ತದೆ.

ಬಿದ್ದರೆ ಏನಾಗುತ್ತದೆ? ಜೋಡುನಳಿಗೆಯ ಕೋವಿಯ ತೂಕ ಸುಮಾರು ಮೂರು ಕಿಲೋ ಎನ್ನಿ. ಒಂದೂವರೆ ಮೀಟರ್ ಎತ್ತರದ ಗೂಟದಿಂದ ಬಿದ್ದರೆ ನೆಲ ಮುಟ್ಟುವಾಗ ಅದರ ಶಕ್ತಿ 3 × 9.8 × 1.5, ಅಂದರೆ ಸುಮಾರು 44 ಜೂಲ್. ಒಂದು ಕಿಲೋ ಕಲ್ಲು ನಾಲ್ಕೂವರೆ ಮೀಟರಿನಿಂದ ಬಿದ್ದ ಹಾಗೆ. ಹಳೆಯ ಕೋವಿಗಳಲ್ಲಿ ಹೊರಗೇ ಕಾಣುವ ಸುತ್ತಿಗೆಯಂಥ ಭಾಗಕ್ಕೆ ಈ ಪೆಟ್ಟು ತಾಗಿತೆಂದರೆ, ಒಳಗೆ ತೋಟಾ ಇದ್ದ ಪಕ್ಷದಲ್ಲಿ, ಟ್ರಿಗರನ್ನು ಯಾರೂ ಮುಟ್ಟದೆಯೇ ಗುಂಡು ಹಾರಬಹುದು.

ಪೊಲೀಸರ ಮತ್ತು ಎನ್‌ಸಿಸಿಯ ಶಸ್ತ್ರಾಗಾರದಲ್ಲಿ, ಅವರು ಕೋತ್ ಎನ್ನುತ್ತಾರೆ, ಎರಡು ಕೆಲಸವೂ ಒಟ್ಟಿಗೆ ನಡೆಯುವುದನ್ನು ನೋಡಬಹುದು. ಬುಡ ಕೂರಲು ಕೆಳಗೊಂದು ತಗ್ಗು, ನಳಿಗೆ ಒರಗಲು ಮೇಲೊಂದು ಕಚ್ಚು. ಸಾಲಾಗಿ ನಿಂತ ರೈಫಲ್‌ಗಳ ಟ್ರಿಗರ್ ಬಳೆಗಳ ಮೂಲಕ ಒಂದೇ ಸರಪಳಿ ತೂರಿಸಿ ಕೊನೆಗೆ ಬೀಗ. ಒಂದನ್ನು ಎಳೆದರೆ ಇಡೀ ಸಾಲು ಅಲುಗುತ್ತದೆ. ಬೋಲ್ಟ್ ಕಳಚಿ ಬೇರೆಡೆ ಇಡುವ ಪದ್ಧತಿಯೂ ಉಂಟು.

ಮನೆಯ ಯಜಮಾನರು "ಬಚ್ಚಿಟ್ಟಿದ್ದೇನಲ್ಲ" ಎನ್ನುತ್ತಾರಷ್ಟೆ. ಈ ಮಾತನ್ನು ಅಮೆರಿಕದ ಅಲಬಾಮಾ ರಾಜ್ಯದ ಹಳ್ಳಿಗಾಡಿನಲ್ಲಿ ಇಬ್ಬರು ಸಂಶೋಧಕರು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ತಂದೆತಾಯಿಯನ್ನು ಬೇರೆ, ಮಕ್ಕಳನ್ನು ಬೇರೆ ಕೂರಿಸಿ ಕೇಳಿದರು. ಬಂದೂಕು ಎಲ್ಲಿದೆಯೆಂದು ಮಗುವಿಗೆ ಗೊತ್ತಿಲ್ಲ ಎಂದವರಲ್ಲಿ ನೂರಕ್ಕೆ 39 ಮಂದಿಯ ಮಾತನ್ನು ಅವರ ಮಕ್ಕಳೇ ಸುಳ್ಳುಮಾಡಿದರು. ನಮ್ಮ ಮಗು ಅದನ್ನು ಮುಟ್ಟೇ ಇಲ್ಲ ಎಂದವರಲ್ಲಿ ನೂರಕ್ಕೆ 22 ಮಂದಿಯ ಗತಿಯೂ ಹೀಗೇ ಆಯಿತು. ನನಗೇನೂ ಆಶ್ಚರ್ಯವಾಗಲಿಲ್ಲ. ಯುಗಾದಿಗೆ ತಂದ ಬೆಲ್ಲದ ಡಬ್ಬ ಎಲ್ಲಿದೆಯೆಂದು ಮಕ್ಕಳಿಗೆ ತಿಳಿಯದ ಮನೆ ಎಲ್ಲಾದರೂ ಇದೆಯೇ?

ಹಾಗಾದರೆ ಬೀಗದ ವಿಷಯ. ನಮ್ಮ ಅಂಗಡಿಗಳಲ್ಲಿ ಸಿಗುವ ಅಲೀಗಢದ ಬೀಗಗಳ ಮೇಲೆ ಆರು ಲಿವರ್, ಏಳು ಲಿವರ್ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಲಿವರ್ ಎಂದರೆ ಒಳಗಿರುವ ತೆಳ್ಳನೆಯ ಹಿತ್ತಾಳೆ ಅಥವಾ ಉಕ್ಕಿನ ಪಟ್ಟಿ. ಪ್ರತಿಯೊಂದರಲ್ಲೂ ಒಂದು ಸೀಳು. ಕೀಲಿಯ ಹಲ್ಲುಗಳು ಎಲ್ಲ ಪಟ್ಟಿಗಳನ್ನೂ ಬೇಕಾದಷ್ಟೇ ಎತ್ತಿದಾಗ ಸೀಳುಗಳು ಒಂದೇ ಸಾಲಿಗೆ ಬಂದು ಕೊಂಡಿ ಬಿಡುತ್ತದೆ. ಕಡಿಮೆ ಎತ್ತಿದರೂ ಆಗದು, ಹೆಚ್ಚು ಎತ್ತಿದರೂ ಆಗದು. 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಪೇಟೆಂಟ್ ಪಡೆದ ಈ ಉಪಾಯವೇ ಇಂದಿಗೂ ನಮ್ಮ ಗೋದಾಮುಗಳನ್ನು ಕಾಯುತ್ತಿದೆ.

ಆದರೆ ಏಳು ಲಿವರಿನ ಬೀಗವನ್ನು ನಾಲ್ಕು ಸಣ್ಣ ಸ್ಕ್ರೂ ಹೊಡೆದ ಚಿಲಕಕ್ಕೆ ಹಾಕಿದರೆ? ಒಂದು ಮೀಟರ್ ಉದ್ದದ ಹಾರೆಕೋಲು ತಂದವನು ಬೀಗದ ತಂಟೆಗೇ ಹೋಗುವುದಿಲ್ಲ. ಹಾರೆಯ ತುದಿಗೂ ಆನಿಕೆಗೂ ಐದು ಸೆಂಟಿಮೀಟರ್ ದೂರವಿದ್ದರೆ ಅವನ ಕೈಬಲ ಸುಮಾರು ಇಪ್ಪತ್ತು ಪಟ್ಟಾಗಿ ಚಿಲಕವನ್ನೇ ಕಿತ್ತು ತರುತ್ತದೆ. ಆದ್ದರಿಂದ ಕಪಾಟನ್ನು ಒಳಗಿನಿಂದ ಗೋಡೆಗೆ ಬೋಲ್ಟ್ ಮಾಡಿರಬೇಕು, ಚಿಲಕದ ಬೋಲ್ಟುಗಳ ನಟ್ಟು ಒಳಗಡೆ ಇರಬೇಕು.

ನಂಬರ್ ಬೀಗದ ಲೆಕ್ಕ ಇನ್ನೂ ಸ್ವಾರಸ್ಯಕರ. ಮೂರು ಅಂಕಿಯ ಬೀಗಕ್ಕೆ 000ಯಿಂದ 999ರವರೆಗೆ ಸಾವಿರ ಸಾಧ್ಯತೆಗಳು. ಒಂದಕ್ಕೆ ಮೂರು ಸೆಕೆಂಡಿನಂತೆ ತಿರುಗಿಸುತ್ತ ಹೋದರೆ ಹೆಚ್ಚೆಂದರೆ ಐವತ್ತು ನಿಮಿಷ. ನಾಲ್ಕು ಅಂಕಿಯದಾದರೆ ಎಂಟು ಗಂಟೆ ಇಪ್ಪತ್ತು ನಿಮಿಷ. ದಸರಾ ರಜೆಯಲ್ಲಿರುವ ಹನ್ನೆರಡು ವರ್ಷದ ಹುಡುಗನಿಗೆ ಎರಡೂ ದೊಡ್ಡ ವಿಷಯವಲ್ಲ. ಮಗನ ಹುಟ್ಟಿದ ಇಸವಿಯನ್ನೇ ಇಟ್ಟಿದ್ದರೆ ಅಷ್ಟೂ ಬೇಡ.

ಪಾಲಕರಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಬೀಗ ಕಳ್ಳನಿಗಷ್ಟೇ ಎಂದುಕೊಳ್ಳಬೇಡಿ. 2005ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ನಾಲ್ಕು ಅಭ್ಯಾಸಗಳನ್ನು ಪರಿಶೀಲಿಸಿತು: ಬಂದೂಕಿಗೆ ಬೀಗ, ಒಳಗೆ ಗುಂಡಿಲ್ಲದೆ ಇಡುವುದು, ಗುಂಡುಗಳನ್ನು ಬೇರೆ ಕಡೆ ಇಡುವುದು, ಆ ಗುಂಡುಗಳಿಗೂ ಬೀಗ. ಈ ನಾಲ್ಕರಲ್ಲಿ ಪ್ರತಿಯೊಂದೂ ಇಪ್ಪತ್ತರೊಳಗಿನ ಮಕ್ಕಳ ಆಕಸ್ಮಿಕ ಗಾಯ ಮತ್ತು ಆತ್ಮಹತ್ಯೆಯ ಅಪಾಯ ಕಡಿಮೆಯಿರುವುದಕ್ಕೆ ಸಂಬಂಧಿಸಿತ್ತು. ಆತ್ಮಹತ್ಯೆ ಎಂಬ ಪದ ಓದಿ ಪುಟ ತಿರುಗಿಸಬೇಡಿ. ಫಲಿತಾಂಶದ ದಿನ ಮಂಕಾಗಿ ಕೂತ ಎಷ್ಟೋ ಮಕ್ಕಳನ್ನು ನಾನು ಕಂಡಿದ್ದೇನೆ. ಮರುದಿನ ಅವರೇ ನಗುನಗುತ್ತ ಮರುಪರೀಕ್ಷೆಯ ಅರ್ಜಿ ಕೇಳಲು ಬಂದದ್ದನ್ನೂ ಕಂಡಿದ್ದೇನೆ. ಆ ಒಂದು ಸಂಜೆಯನ್ನು ದಾಟಿಸಲು ಎರಡು ಬೀಗ ತೆರೆಯುವಷ್ಟು ತಡವೂ ಬಹಳ ದೊಡ್ಡದು.

ಕಪಾಟಿಗೆ ದುಡ್ಡಿಲ್ಲ ಎನ್ನುವವರಿಗೂ ದಾರಿಯಿದೆ. ಮಡಚುವ ಜೋಡುನಳಿಗೆ ಕೋವಿ ಸಾಮಾನ್ಯವಾಗಿ ಮೂರು ತುಂಡಾಗಿ ಕಳಚುತ್ತದೆ: ಬುಡ, ನಳಿಗೆ, ನಳಿಗೆಯ ಕೆಳಗಿನ ಮರದ ಹಿಡಿ. ನಳಿಗೆಯೊಂದನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದರೂ ಉಳಿದದ್ದು ಬರೀ ಮರ ಮತ್ತು ಕಬ್ಬಿಣ. ತೋಟಾ ಇನ್ನೊಂದು ಪೆಟ್ಟಿಗೆಯಲ್ಲಿ, ಇನ್ನೊಂದು ಕೀಲಿಯಲ್ಲಿ. ಟ್ರಿಗರಿನ ಸುತ್ತ ಅಪ್ಪಿ ಹಿಡಿಯುವ ಬೀಗಗಳೂ ಸಿಗುತ್ತವೆ. ಆದರೆ ಗುಂಡು ತುಂಬಿದ ಕೋವಿಗೆ ಅದನ್ನು ಎಂದೂ ತೊಡಿಸಬಾರದು. ತೊಡಿಸುವ ಗಡಿಬಿಡಿಯಲ್ಲೇ ಟ್ರಿಗರ್ ಒತ್ತಿಹೋದೀತು.

ಆ ಹುಡುಗಿಯ ತಂದೆಗೆ ಇನ್ನೊಂದು ಆಕ್ಷೇಪವೂ ಇತ್ತಂತೆ: ಮಳೆಗಾಲದಲ್ಲಿ ಮುಚ್ಚಿದ ಕಪಾಟಿನೊಳಗೆ ಕೋವಿ ತುಕ್ಕು ಹಿಡಿಯುತ್ತದೆ. ಇದು ಒಪ್ಪಬೇಕಾದ ಮಾತೇ. ಕೊಡಗಿನ ಜುಲೈಯಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಕಬ್ಬಿಣಕ್ಕೆ ತುಕ್ಕು ಬರಲು ಆಮ್ಲಜನಕವೂ ನೀರೂ ಬೇಕು. ಬೆರಳಿನ ಬೆವರಿನ ಉಪ್ಪು ಕೆಲಸವನ್ನು ಚುರುಕುಗೊಳಿಸುತ್ತದೆ. ಪರಿಹಾರ ಮೂರು. ಒರೆಸಿ ತೆಳುವಾಗಿ ಎಣ್ಣೆ ಸವರುವುದು ಮೊದಲನೆಯದು. ಚರ್ಮದ ಚೀಲ, ದಪ್ಪ ಬಟ್ಟೆ ಸುತ್ತದಿರುವುದು ಎರಡನೆಯದು. ಅವು ತೇವವನ್ನು ಹೀರಿ ಉಕ್ಕಿಗೆ ಅಂಟಿಸಿಡುತ್ತವೆ. ಮೂರನೆಯದು ಸಿಲಿಕಾ ಜೆಲ್ ಪೊಟ್ಟಣ. ಇಲ್ಲವೇ ಕಪಾಟಿನ ತಳದಲ್ಲಿ, ಏನಕ್ಕೂ ತಾಗದಂತೆ, ಒಂದು ಸಣ್ಣ ಬಿಸಿ ಬಲ್ಬು. ಬಲ್ಬು ನೀರನ್ನು ಹೊರಗೆ ಹಾಕುವುದಿಲ್ಲ. ಗಾಳಿಯನ್ನು ಎರಡು ಮೂರು ಡಿಗ್ರಿ ಬಿಸಿ ಮಾಡಿ ಅದರ ಸಾಪೇಕ್ಷ ತೇವಾಂಶವನ್ನು ಇಳಿಸುತ್ತದೆ, ರಾತ್ರಿ ತಂಪಿಗೆ ಉಕ್ಕಿನ ಮೇಲೆ ಇಬ್ಬನಿ ಕೂರುವುದಿಲ್ಲ. ಎಲ್‌ಇಡಿ ಬಲ್ಬು ಹಾಕಿದರೆ ಬೆಳಕು ಬಂದೀತು, ಇಷ್ಟು ಬಿಸಿ ಬಾರದು.

ನಮ್ಮ ಮನೆಯಲ್ಲಿ ಕೋವಿಯೇ ಇಲ್ಲ ಎನ್ನುವ ವಿದ್ಯಾರ್ಥಿಗಳೂ ಸ್ವಲ್ಪ ನಿಲ್ಲಿ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಹತ್ತು ಮೀಟರ್ ಏರ್ ರೈಫಲ್‌ನಲ್ಲಿ. ಈಗ ಪಟ್ಟಣಗಳಲ್ಲೂ ಆ ಆಟ ಕಲಿಯುವ ಮಕ್ಕಳಿದ್ದಾರೆ. ಅರ್ಧ ಗ್ರಾಮಿನ ಸೀಸದ ಗುಂಡು ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ ಏಳೂವರೆ ಜೂಲಿಗೆ ಸ್ವಲ್ಪ ಹೆಚ್ಚು. ನೀವೇ ಲೆಕ್ಕ ಮಾಡಿ ನೋಡಿ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ 20 ಜೂಲ್ ಮೀರದ, 0.177 ಅಂಗುಲ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಡ. ಲೈಸೆನ್ಸ್ ಬೇಡ ಎಂದರೆ ಆಟಿಕೆ ಎಂದಲ್ಲ, ಕಣ್ಣು ಕಳೆಯಲು ಅಷ್ಟು ಶಕ್ತಿ ಧಾರಾಳ ಸಾಕು. ಸ್ಪರ್ಧೆಗಳಲ್ಲಿ ನಳಿಗೆ ಖಾಲಿಯೆಂದು ತೋರಿಸಲು ಅದರೊಳಗೆ ಎದ್ದುಕಾಣುವ ಬಣ್ಣದ ದಾರ ತೂರಿಸಿಡುವ ನಿಯಮವಿದೆ. ಮನೆಯಲ್ಲೂ ಹಾಗೆಯೇ ಮಾಡಿ, ಆಮೇಲೆ ಪೆಟ್ಟಿಗೆ, ಬೀಗ.

ಶಾಲೆಗಳ ಕ್ರೀಡಾಕೊಠಡಿಯ ವಿಷಯ ಬರೆದರೆ ನಮ್ಮವರಿಗೇ ಸಿಟ್ಟು ಬಂದೀತು. ಎರಡೂವರೆ ಮೀಟರಿಗೂ ಉದ್ದದ ಭರ್ಜಿಯನ್ನು ಬಾಗಿಲ ಹಿಂದೆ ಮೊನೆ ಮೇಲಾಗಿ ನಿಲ್ಲಿಸಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಗೋಡೆಗೆ ಮೂರು ಕಡೆ ಆನಿಕೆ ಕೊಟ್ಟು ಅಡ್ಡಲಾಗಿ ಮಲಗಿಸಿದರೆ ಅದು ಬಾಗುವುದೂ ಇಲ್ಲ, ಯಾರಿಗೂ ಚುಚ್ಚುವುದೂ ಇಲ್ಲ. ಗುಂಡೆಸೆತದ ಗುಂಡಿಗೆ ಜಾಗ ಕೆಳಗಿನ ಹಲಗೆ, ಮೇಲಿನದಲ್ಲ.

ಎರಡು ತಿಂಗಳ ಮೇಲೆ ಆ ಹುಡುಗಿ ಬಂದು "ಸಾರ್, ಕಪಾಟು ಬಂತು" ಎಂದಳು. ಸಂತೋಷವಾಯಿತು. ಕೀಲಿ ಎಲ್ಲಿಡುತ್ತಾರೆ ಎಂದು ಕೇಳಿದೆ. "ಗೋಡೆ ಗಡಿಯಾರದ ಹಿಂದೆ" ಎಂದು ನಕ್ಕಳು. ಅದು ನಿನಗೆ ಗೊತ್ತಿದೆಯೆಂದು ಅಪ್ಪನಿಗೆ ನೀನೇ ಹೇಳಮ್ಮ ಎಂದು ಕಳಿಸಿದೆ. ಹೇಳಿದಳಂತೆ. ಕೀಲಿ ಈಗ ಅಪ್ಪನ ಉಡಿದಾರದಲ್ಲಿದೆ.