ಲೆಕ್ಸಸ್ ಚಕ್ರ, ಕ್ಯಾಮ್ರಿ ದರ

ಸೆರಿಟೋಸ್ ಅಂದ್ರೆ ಕಾರಿನ ಊರು. 605 ಫ್ರೀವೇ ಪಕ್ಕ, ಸ್ಟುಡ್‌ಬೇಕರ್ ರೋಡಿನ ಆಟೋ ಸ್ಕ್ವೇರ್‌ನಲ್ಲಿ ಹೊಸ ಕಾರುಗಳು ಸಾಲಾಗಿ ಹೊಳೀತಾ ನಿಂತಿರ್ತವೆ. ನಮ್ಮಲ್ಲಿ ಬಹಳ ಜನ ಅವನ್ನು ನೋಡಿಕೊಂಡೇ ಇಪ್ಪತ್ತು ವರ್ಷ ದಾಟಿದ ಕ್ಯಾಮ್ರಿಯಲ್ಲೋ ಸಿವಿಕ್‌ನಲ್ಲೋ ಡ್ಯೂಟಿಗೆ ಹೋಗೋರು. "ಇದೇ ಕಾರಿಗೆ ಕಮ್ಮಿ ಖರ್ಚಲ್ಲಿ ಸ್ವಲ್ಪ ಚುರುಕು ತರೋಕಾಗುತ್ತಾ?" ಅಂತ ಕೇಳೋರಿಗಾಗಿ ಈ ತಿಂಗಳ ಅಂಕಣ.

ಆಗುತ್ತೆ. ಆದರೆ ಮೊದಲು ಕೈ ಹಾಕಬೇಕಾದ್ದು ಎಂಜಿನ್‌ಗಲ್ಲ; ಚಕ್ರಕ್ಕೆ, ಬ್ರೇಕಿಗೆ. ಗಂಟೆಗೆ 65 ಮೈಲಿ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 95 ಅಡಿ ಓಡುತ್ತೆ. ಸ್ಯಾನ್ ಡಿಯಾಗೋ ಕಡೆ ಹೋಗುವಾಗ 5ನೇ ನಂಬರ್ ಫ್ರೀವೇಯಲ್ಲಿ ಮುಂದಿನ ಗಾಡಿ ಗಕ್ಕನೆ ನಿಂತರೆ, ಹಿಂದಿನ ಸೀಟಲ್ಲಿ ಕೂತ ಮಕ್ಕಳನ್ನು ಕಾಯೋದು ಕುದುರೆಶಕ್ತಿ ಅಲ್ಲ, ಬ್ರೇಕು ಮತ್ತು ಟೈರು.

ಬೆಂಗಳೂರಿನವರಿಗೆ ಶಿವಾಜಿನಗರದ ಗುಜರಿ ಗೊತ್ತಿರುತ್ತೆ. ಇಲ್ಲಿಯ ಗುಜರಿ ಅಂದ್ರೆ 'ಪಿಕ್ ಯುವರ್ ಪಾರ್ಟ್' ಥರದ ಯಾರ್ಡು. ವಿಲ್ಮಿಂಗ್ಟನ್, ಅನಹೈಮ್, ದಕ್ಷಿಣಕ್ಕೆ ಚೂಲಾ ವಿಸ್ಟಾದಲ್ಲಿ ಇವೆ. ಗೇಟಲ್ಲಿ ಕೆಲವು ಡಾಲರ್ ಕೊಟ್ಟು ಒಳಗೆ ಹೋಗಿ, ನಿಮ್ಮದೇ ಸ್ಪ್ಯಾನರಿನಲ್ಲಿ ನೀವೇ ಬಿಚ್ಚಿಕೊಳ್ಳಬೇಕು. ಬೆರಳು ಮುಚ್ಚುವ ಶೂ ಬೇಕು, ಗ್ಯಾಸ್ ಟಾರ್ಚ್ ಬಿಡೋದಿಲ್ಲ. ಇಲ್ಲೊಂದು ಗುಟ್ಟಿದೆ. ಇಂಥ ಯಾರ್ಡುಗಳಲ್ಲಿ ಸಾಮಾನ್ಯವಾಗಿ ದರ ಇರೋದು ಭಾಗಕ್ಕೆ, ಬ್ರ್ಯಾಂಡಿಗಲ್ಲ. ಅಲಾಯ್ ಚಕ್ರ ಅಂದ್ರೆ ಅಲಾಯ್ ಚಕ್ರ, ಕ್ಯಾಮ್ರಿದಾದರೂ ಲೆಕ್ಸಸ್‌ದಾದರೂ ಅದೇ ರೇಟು. ಹಾಗಾಗಿ ನಿಮ್ಮ ಕಾರಿನ 'ಶ್ರೀಮಂತ ದೊಡ್ಡಪ್ಪನ ಮಗ' ಯಾರು ಅಂತ ಗೊತ್ತಿರಬೇಕು, ಅಷ್ಟೇ.

1997ರಿಂದ 2001ರ ಕ್ಯಾಮ್ರಿಗೆ ಆ ದಾಯಾದಿ ಅದೇ ವರ್ಷಗಳ ಲೆಕ್ಸಸ್ ಇಎಸ್ 300. ಎರಡಕ್ಕೂ ಐದು ಬೋಲ್ಟು, ಅಂತರ 114.3 ಮಿಲಿಮೀಟರ್. 14 ಇಂಚಿನ ಕಬ್ಬಿಣದ ಚಕ್ರ ತೆಗೆದು ಅದರ 15 ಇಂಚಿನ ಅಲಾಯ್ ಹಾಕಿದರೆ ಅಗಲದ ಟೈರು ಕೂರುತ್ತೆ, ರಸ್ತೆಯ ಹಿಡಿತ ಹೆಚ್ಚುತ್ತೆ. ಚಕ್ರ ತರುವಾಗ ಅದರ ನಟ್ಟುಗಳನ್ನೂ ತನ್ನಿ. ಟೊಯೊಟಾದ ಕಬ್ಬಿಣದ ಚಕ್ರದ ನಟ್ಟಿನ ತುದಿ ಶಂಕುವಿನಂತೆ ಚೂಪು; ಕಂಪನಿ ಅಲಾಯ್‌ದಕ್ಕೆ ಚಪ್ಪಟೆ ವಾಷರ್ ಇರುತ್ತೆ. ಅದಲುಬದಲಾದರೆ ಚಕ್ರ ಸಡಿಲವಾಗಬಹುದು. 76 ಪೌಂಡ್-ಫುಟ್‌ಗೆ ಟಾರ್ಕ್ ರೆಂಚಿನಲ್ಲಿ ಬಿಗಿಸಿ, ಐವತ್ತು ಮೈಲಿ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ.

1996ರಿಂದ 2000ದ ಸಿವಿಕ್ ಇರೋರಿಗೆ ಅಕ್ಯುರಾ ಇಂಟೆಗ್ರಾ ಹತ್ತಿರದ ಬಂಧು. ನಾಲ್ಕು ಬೋಲ್ಟಿನ 15 ಇಂಚಿನ ಚಕ್ರ ಕೂರುತ್ತೆ. ಅನೇಕ ಸಿವಿಕ್‌ಗಳಲ್ಲಿ ಹಿಂದಿನ ಬ್ರೇಕು ಡ್ರಮ್ಮು. ಇಂಟೆಗ್ರಾದ ಹಿಂದಿನ ಡಿಸ್ಕ್ ಬ್ರೇಕನ್ನು ಅದರ ಟ್ರೇಲಿಂಗ್ ಆರ್ಮ್ ಸಮೇತ ಇದಕ್ಕೆ ಕೂರಿಸಬಹುದು. ಹಿಂದಿನ ಆಂಟಿ-ರೋಲ್ ಬಾರ್ ಕೂಡ ತಂದರೆ ತಿರುವಿನಲ್ಲಿ ಕಾರು ವಾಲೋದು ಕಮ್ಮಿಯಾಗುತ್ತೆ. ಆದರೆ ಹ್ಯಾಂಡ್‌ಬ್ರೇಕ್ ಕೇಬಲ್ಲು, ಮುಂದಕ್ಕೂ ಹಿಂದಕ್ಕೂ ಬ್ರೇಕಿನ ಪಾಲು ಹಂಚುವ ವಾಲ್ವು ಜೊತೆಗೇ ಬರಬೇಕು. ಈ ಪಾಲು ತಪ್ಪಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ, ಮಳೆಯಲ್ಲಿ ಕಾರು ಬುಗುರಿ ಆಗಬಹುದು. ಆದ್ದರಿಂದ ಯಾರ್ಡಲ್ಲಿ ಬಿಚ್ಚೋದು ನೀವೇ ಮಾಡಿ, ಕಾರಿಗೆ ಕೂರಿಸೋದು ಬ್ರೇಕು ಬಲ್ಲ ಮೆಕ್ಯಾನಿಕ್‌ಗೆ ಬಿಡಿ. ಉಳಿಸಿದ ದುಡ್ಡು ಖರ್ಚಾಗಬೇಕಾದ ಜಾಗ ಅದೇ.

ಗುಜರಿಯಿಂದ ತರಬಾರದ್ದು ಯಾವುದು? ಒಂದೇ ಮಾತು: ಸವೆಯೋದು, ಒಣಗೋದು, ಸಿಡಿಯೋದು. ಬ್ರೇಕ್ ಪ್ಯಾಡು, ರಬ್ಬರ್ ಹೋಸು, ಟೈಮಿಂಗ್ ಬೆಲ್ಟು, ಶಾಕ್ ಅಬ್ಸಾರ್ಬರು ಹೊಸದೇ ಆಗಲಿ. ಟೈರೂ ಹಾಗೆಯೇ. ಟೈರಿನ ಪಕ್ಕ 'ಡಾಟ್' ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2318 ಅಂದ್ರೆ 2018ರ 23ನೇ ವಾರ ತಯಾರಾದದ್ದು. ಗೋಟು ಎಷ್ಟೇ ಚೆನ್ನಾಗಿರಲಿ, ಬಿಸಿಲು ತಿಂದ ರಬ್ಬರನ್ನು ನಂಬಬೇಡಿ. ಅಪಘಾತವಾದ ಕಾರಿನ ಸೀಟ್ ಬೆಲ್ಟು ಬೇಡ.

ಏರ್‌ಬ್ಯಾಗ್ ಅಂತೂ ಬೇಡವೇ ಬೇಡ. ಚರ್ಮದ ಸ್ಟಿಯರಿಂಗ್ ಚೆನ್ನಾಗಿದೆ ಅಂತ ಏರ್‌ಬ್ಯಾಗ್ ಸಮೇತ ಬಿಚ್ಚಿ ತರೋರಿದ್ದಾರೆ. ತಕಾಟಾ ಏರ್‌ಬ್ಯಾಗುಗಳು ಸಿಡಿದು ಲೋಹದ ಚೂರು ಚುಚ್ಚಿ ಜನ ಸತ್ತಿದ್ದಾರೆ. 2001ರಿಂದ 2003ರ ಕೆಲವು ಹೋಂಡಾ, ಅಕ್ಯುರಾ ಕಾರುಗಳಲ್ಲಿ ಅಪಾಯ ಎಲ್ಲಕ್ಕಿಂತ ಹೆಚ್ಚು. ನಿಮ್ಮ ಕಾರಿನ 17 ಅಕ್ಷರಗಳ ವಿನ್ ನಂಬರ್ ಕೊಟ್ಟು ಡೀಲರ್ ಹತ್ರ ವಿಚಾರಿಸಿ; ರಿಕಾಲ್ ಬಾಕಿ ಇದ್ದರೆ ಬದಲಾಯಿಸೋದು ಪುಕ್ಕಟೆ. ಈ ತಿಂಗಳು ಬೇರೇನೂ ಮಾಡದಿದ್ದರೂ ಇದೊಂದು ಮಾಡಿ.

ಇನ್ನು ಎಂಜಿನ್ ವಿಷಯ. ಇದು ಕ್ಯಾಲಿಫೋರ್ನಿಯಾ. 1976ರಿಂದೀಚಿನ ಹಳೆ ಪೆಟ್ರೋಲ್ ಕಾರಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್ ಉಂಟು, ಬಾನೆಟ್ ಎತ್ತಿ ಕಣ್ಣಲ್ಲೂ ನೋಡ್ತಾರೆ. ಹೊರಗಿನ ಕಂಪನಿಯ ಏರ್ ಇನ್‌ಟೇಕು, ಹೆಡರು ಹಾಕಿದ್ದರೆ ಅದರ ಮೇಲೆ ಏರ್ ರಿಸೋರ್ಸಸ್ ಬೋರ್ಡಿನ ಎಕ್ಸಿಕ್ಯೂಟಿವ್ ಆರ್ಡರ್ ನಂಬರ್ ಇರಬೇಕು, ಅದು ನಿಮ್ಮ ಕಾರಿನ ಮಾಡೆಲ್ಲಿಗೆ ಹೊಂದಬೇಕು. ಹಳೆ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲಿ ಮಾರೋ ಹಾಗೇ ಇಲ್ಲ; ಯಾರಾದರೂ ಪಾರ್ಕಿಂಗ್ ಲಾಟ್‌ನಲ್ಲಿ ಅಗ್ಗಕ್ಕೆ ಕೊಡ್ತೀನಿ ಅಂದ್ರೆ ಅದು ಇನ್ನೊಬ್ಬರ ಕಾರಿನಡಿಯಿಂದ ಕದ್ದದ್ದೂ ಆಗಿರಬಹುದು. ಸ್ಮಾಗ್ ಫೇಲಾದರೆ ರಿಜಿಸ್ಟ್ರೇಷನ್ ನಿಲ್ಲುತ್ತೆ, ರಿಜಿಸ್ಟ್ರೇಷನ್ ನಿಂತರೆ ಡ್ಯೂಟಿಗೆ ಹೋಗೋದು ಹೇಗೆ? ಎರಡು ಕುದುರೆಶಕ್ತಿಗೆ ತಿಂಗಳ ಸಂಬಳ ಪಣಕ್ಕಿಡಬೇಡಿ.

ಕೈಯಲ್ಲಿರುವ ದುಡ್ಡು ಹಂಚೋ ಕ್ರಮ ಹೀಗಿರಲಿ: ಮೊದಲು ಹೊಸ ಟೈರು, ಆಮೇಲೆ ಬ್ರೇಕು, ಆಮೇಲೆ ಯಾರ್ಡಿನ ಚಕ್ರ ಮತ್ತು ಬಾರು. ಅಷ್ಟಾದ ಮೇಲೂ ಎಂಜಿನ್ ಮಂಕು ಅನ್ನಿಸಿದರೆ ಸ್ಪಾರ್ಕ್ ಪ್ಲಗ್ಗು, ಏರ್ ಫಿಲ್ಟರ್ ಬದಲಾಯಿಸಿ ನೋಡಿ. ಹಳೆ ಕಾರು ಕಳಕೊಂಡ ಚುರುಕು ಎಷ್ಟೋ ಸಲ ಅಷ್ಟರಲ್ಲೇ ವಾಪಸ್ ಬರುತ್ತೆ.